ಮೇಲಿನ ಮಹಡಿ ಹತ್ತಲಾರದ ಪುಟಪಟ್ಟಿ

ಮಾನ್ಯ ಟೋರ್‌ಬೆನ್ ಕ್ವಿಸ್ಟ್‌ಗಾರ್ಡ್ ಅವರಿಗೆ,
‘ರೈಗರ್’ ಕರ್ನೆಲಿನ ಪುಟಪಟ್ಟಿ ವಿಭಾಗದ ಆಜೀವ ಪಾಲಕರು,
ಓಡೆನ್ಸೆ, ಡೆನ್ಮಾರ್ಕ್.

ಮಾನ್ಯರೇ,

ತಾವೂ, ತಮ್ಮ ಎರಡು ಬೆಕ್ಕುಗಳೂ, ಬರೆಯುವ ಪ್ರತಿಯೊಂದು ಅಂಚೆಯಲ್ಲೂ ತಾವು ತಪ್ಪದೆ ನೆನೆಯುವ ಆ ಹಳೆಯ ಲ್ಯಾಪ್‌ಟಾಪೂ ಕ್ಷೇಮವೆಂದು ನಂಬಿದ್ದೇನೆ. ಸಮುದ್ರದಿಂದ ಅಷ್ಟು ದೂರವೂ ಅಲ್ಲದ, ಬ್ರಸೆಲ್ಸ್‌ಗೆ ಅಷ್ಟು ಹತ್ತಿರವೂ ಅಲ್ಲದ ವೆಸ್ಸೆಲ್‌ಕೆರ್ಕೆ ಎಂಬ ನಮ್ಮ ಸಣ್ಣ ಊರಿನ ಪರವಾಗಿ, ಅಲ್ಲಿನ ಗಂಟೆಗೋಪುರದ ಪರವಾಗಿ, ಮತ್ತು ಆ ಗೋಪುರದ ಮೆಟ್ಟಿಲು ಹತ್ತಬಾರದೆಂದು ಈಗ ಆಜ್ಞೆಯಾಗಿರುವ ನನ್ನ ಚಿಕ್ಕಮ್ಮ ಗೊಡೆಲೀವ್ ಅವರ ಪರವಾಗಿ ತಮಗೆ ಅನಂತ ವಂದನೆಗಳನ್ನು ಸಲ್ಲಿಸುತ್ತ, ಈ ಬಹಿರಂಗ ಪತ್ರವನ್ನು ಬರೆಯಲು ಅಪ್ಪಣೆ ಬೇಡುತ್ತೇನೆ. ಅಪ್ಪಣೆ ಕೊಡುವ ಮುನ್ನ ತಾವು ಇದರ ಸಾಲುಗಳ ಅಗಲವನ್ನು ಅಳೆಯುವಿರೆಂದು ಬಲ್ಲೆ. ಅಳೆದೇ ಕಳಿಸುತ್ತಿದ್ದೇನೆ.

ಈ ಪತ್ರ, ರೈಗರ್ ಬರೆಯುವವರೆಲ್ಲ ಮಿಂಚಂಚೆಯಲ್ಲಿ ಚರ್ಚಿಸುವ ತಮ್ಮ ಅಂಚೆಬಳಗಕ್ಕೆ ಹೋಗುವುದರ ಜೊತೆಗೆ ನಮ್ಮ ಊರಿನ ವಾರಪತ್ರಿಕೆಯಲ್ಲೂ ಅಚ್ಚಾಗುತ್ತದೆ. ಆದ್ದರಿಂದ ತಮ್ಮ ಹಿರಿಮೆ ಏನೆಂದು ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಗಣಕಯಂತ್ರದ ಒಳಗೆ ಎಲ್ಲರಿಗಿಂತ ತಳದಲ್ಲಿ ಕೂತು ಎಲ್ಲರನ್ನೂ ಸಾಕುವ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ರೈಗರ್ ಎಂಬುದು ಅಂಥದೊಂದು ಕರ್ನೆಲ್. ಯಾರ ಸ್ವತ್ತೂ ಅಲ್ಲ, ದೇಶದೇಶಗಳ ಜನ ಸೇರಿ ಪುಕ್ಕಟೆಯಾಗಿ ಬರೆದದ್ದು, ನಾನೂ ಅದಕ್ಕೆ ಆಗಾಗ ಒಂದೆರಡು ಸಾಲು ಬರೆದುಕೊಟ್ಟವಳು. ಯಂತ್ರದ ನೆನಪಿನಲ್ಲಿ ಯಾವ ವಸ್ತು ಎಲ್ಲಿದೆ ಎಂದು ಹುಡುಕಿಕೊಡುವುದು ಪೇಜ್ ಟೇಬಲ್, ಅಂದರೆ ಪುಟಪಟ್ಟಿ. ಅದನ್ನು ಒಂದು ದೊಡ್ಡ ವಠಾರದ ಕಾವಲುಗಾರನೆಂದು ತಿಳಿಯಿರಿ. ‘ಮೇಲಿನ ಮಹಡಿ, ಮೂರನೇ ಬಾಗಿಲು’ ಎಂದು ಕೇಳಿದರೆ ಆತ ಮಹಡಿ ಎಷ್ಟನೆಯದು ಎಂದು ಮೊದಲು ಎಣಿಸಬೇಕು, ಆಮೇಲೆ ಬಾಗಿಲು. ಈ ಎಣಿಸುವ ಸಾಲನ್ನು ಬರೆದವರು ಮಾನ್ಯ ಕ್ವಿಸ್ಟ್‌ಗಾರ್ಡ್ ಅವರೇ. ಮಹಡಿಯನ್ನು ಎಣಿಸಬೇಕಾದ ಕಡೆ ಅವರು ಇಡೀ ಬೀದಿಯನ್ನು ಅಳೆಯುವ ಕೋಲನ್ನು ಹಿಡಿದಿದ್ದಾರೆ. ಅಷ್ಟು ಉದ್ದದ ಕೋಲಿಗೆ ಯಾವ ಮಹಡಿಯೂ ಲೆಕ್ಕಕ್ಕೆ ಸಿಗುವುದಿಲ್ಲ. ಎಲ್ಲವೂ ಸೊನ್ನೆ, ಎಲ್ಲವೂ ಕೆಳಗಿನ ಮನೆ. ಹಾಗಾಗಿ ಮೇಲಿನ ಮಹಡಿಯ ಮೂರನೇ ಬಾಗಿಲು ಕೇಳಿದವರನ್ನು ಕಾವಲುಗಾರ ಬಹಳ ವಿನಯದಿಂದ ಕೆಳಗಿನ ಮಹಡಿಯ ಮೂರನೇ ಬಾಗಿಲಿಗೆ ಕರೆದೊಯ್ಯುತ್ತಾನೆ. ವಠಾರಕ್ಕೆ ಮೇಲಿನ ಮಹಡಿಯೇ ಇಲ್ಲದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳದು, ಮತ್ತು ಮಾನ್ಯರ ಲ್ಯಾಪ್‌ಟಾಪಿಗೆ ಇರುವುದು ಒಂದೇ ಮಹಡಿ.

ಆ ಸಾಲಿನ ನೆತ್ತಿಯ ಮೇಲೆ ತಾವು ಬರೆದಿಟ್ಟ ಟಿಪ್ಪಣಿಯನ್ನು ನಾನು ಭಕ್ತಿಯಿಂದ ಓದಿದ್ದೇನೆ: ‘ಕೆಲಸ ಮಾಡುತ್ತಿದೆ, ಮುಟ್ಟಬೇಡಿ.’ ಮಾನ್ಯರೇ, ಎಷ್ಟೋ ಊರುಗಳ ಆಡಳಿತವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ನಮ್ಮ ಗೋಪುರದಲ್ಲಿ ಸಾಲಾಗಿ ತೂಗಿರುವ ಗಂಟೆಗಳಿವೆ. ಹಬ್ಬಕ್ಕೆ, ಭಾನುವಾರಕ್ಕೆ ಚಿಕ್ಕಮ್ಮ ಮೇಲೆ ಕೂತು, ಕಿರುಬೆರಳಿಗೆ ಚರ್ಮದ ತೊಡಿಗೆ ಹಾಕಿಕೊಂಡು, ಮರದ ಹಿಡಿಕೆಗಳನ್ನು ಮುಷ್ಟಿಯಿಂದ ಗುದ್ದಿ ನುಡಿಸುತ್ತಿದ್ದರು. ಉಳಿದ ಹೊತ್ತಿನಲ್ಲಿ, ಮದುವೆಗೆ, ಮಣ್ಣಿಗೆ, ಗಂಟೆಗಂಟೆಗೆ, ತಮ್ಮ ರೈಗರಿನಿಂದ ನಡೆಯುವ ಯಂತ್ರ ನುಡಿಸುತ್ತದೆ. ಯಾವುದಕ್ಕೆ ಯಾವ ಹಾಡು ಎಂದು ಚಿಕ್ಕಮ್ಮ ಅದಕ್ಕೆ ಹೇಳಿಡುತ್ತಿದ್ದರು. ಆ ಯಂತ್ರದಲ್ಲಿ ಮೊದಲು ಇದ್ದದ್ದು ಕಾರ್ನಿವಲ್ ಸಮಿತಿಯವರು ತುಂಬಿಸಿದ ಕುಡುಕರ ಹಾಡುಗಳಷ್ಟೇ, ಮದುವೆಗೂ ಮಣ್ಣಿಗೂ ಆಗ ಚಿಕ್ಕಮ್ಮನೇ ಮೇಲೆ ಹತ್ತುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಸಂಸ್ಕೃತಿ ಖಾತೆಯ ನಗರಸದಸ್ಯ ಮಾರ್ನಿಕ್ಸ್ ಟಾಕ್ ಅವರಿಗೆ ನಮ್ಮ ಗೋಪುರ ಇಡೀ ಫ್ಲಾಂಡರ್ಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ಹಾಡು ಬಲ್ಲ ಗೋಪುರವಾಗಬೇಕೆಂಬ ಆಸೆ ಹುಟ್ಟಿತು. ಯಂತ್ರಕ್ಕೆ ಹೊಸ ನೆನಪನ್ನು ಜೋಡಿಸಿದರು. ವಠಾರಕ್ಕೆ ಮೇಲಿನ ಮಹಡಿ ಎದ್ದಿತು. ಶೋಕಗೀತೆ, ಸ್ತೋತ್ರ, ಮದುವೆಯ ಹಾಡು, ದೇಶದೇಶಗಳ ರಾಷ್ಟ್ರಗೀತೆ, ಹೀಗೆ ಮರ್ಯಾದಸ್ಥ ಸಂಗೀತವೆಲ್ಲ ಮೇಲಿನ ಮಹಡಿಗೆ ಬಂದು ನೆಲೆಸಿತು, ಒಂದೊಂದು ಹಾಡಿಗೂ ಒಂದೇ ಅಳತೆಯ ಒಂದೊಂದು ಕೋಣೆ. ಕೆಳಗಿನ ಮಹಡಿಯಲ್ಲಿ ಕುಡುಕರು ಮೊದಲಿನಂತೆಯೇ ಇದ್ದರು.

ಆಮೇಲೆ ನಡೆದದ್ದನ್ನು ತಮ್ಮಂಥ ಕಲಾರಸಿಕರಿಗೆ ಹೇಳಲು ನನಗೆ ಹೆಮ್ಮೆಯಾಗುತ್ತದೆ. ಮಾಂಸದಂಗಡಿಯ ಓಡಿಲಾನ್ ತೀರಿಕೊಂಡರು. ದೊಡ್ಡ ಮನುಷ್ಯ, ಊರಿಗೆ ಊರೇ ಚರ್ಚಿನ ಮುಂದೆ ಸೇರಿತ್ತು. ಶವಪೆಟ್ಟಿಗೆ ಬಾಗಿಲು ದಾಟಿತು, ಗಂಡಸರು ಟೋಪಿ ತೆಗೆದರು, ಚಿಕ್ಕಮ್ಮ ಆರಿಸಿಟ್ಟಿದ್ದ ಶೋಕಗೀತೆಯನ್ನು ಯಂತ್ರ ಕೇಳಿತು, ತಮ್ಮ ಕಾವಲುಗಾರ ಬಾಗಿಲನ್ನು ತೋರಿಸಿದ, ಮತ್ತು ಗೋಪುರ ತನ್ನೆಲ್ಲ ಕಂಚಿನ ಬಾಯಿಗಳಿಂದ ‘ಇನ್ನೊಂದು ಗ್ಲಾಸು ಹೊಯ್ಯೋ ಮಾವ’ ಎಂದು ಹಾಡತೊಡಗಿತು. ಊರಿಗೆ ಉಪಕಾರ, ಹೆಣಕ್ಕೆ ಶೃಂಗಾರ ಎನ್ನುತ್ತಾರೆ. ತಾವು ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸಿದಿರಿ. ಪೆಟ್ಟಿಗೆ ಹೊತ್ತವರಲ್ಲಿ ಇಬ್ಬರ ಹೆಜ್ಜೆ ತಾಳಕ್ಕೆ ಬಿತ್ತು. ಓಡಿಲಾನರ ಹೆಂಡತಿ ಮೊನಿಕಾ ಅಲ್ಲೇ ನಿಂತು ಗೋಪುರದ ಕಡೆ ಮುಖ ಎತ್ತಿ, “ನಲ್ವತ್ತು ವರ್ಷ ಬ್ಯಾಡ ಬ್ಯಾಡ ಅಂದು ಕುಡಿಯೋದು ಬಿಡ್ಸಿದ್ದೆ, ಸತ್ತ ದಿನವೇ ಕರ್ಯೋಕೆ ಬಂದ್ರಲ್ರೋ!” ಎಂದರು. ನಕ್ಕವರೂ ಇದ್ದರು. ನಾನು ನಗಲಿಲ್ಲ, ಏಕೆಂದರೆ ನನ್ನ ಪಕ್ಕದಲ್ಲಿ ಚಿಕ್ಕಮ್ಮ ನಿಂತಿದ್ದರು.

ಮುಂದಿನ ವಾರ ದಂತವೈದ್ಯರ ಮಗಳ ಮದುವೆಗೆ ‘ಪ್ಯಾಂಟು ಕಳಕೊಂಡ ಮೇಯರ್’ ಮೊಳಗಿತು. ಯುದ್ಧದಲ್ಲಿ ಮಡಿದವರ ನೆನಪಿನ ದಿನ, ಎಲ್ಲರೂ ತಲೆ ಬಾಗಿಸಿದ್ದಾಗ, ಬಾತುಕೋಳಿಯ ಕುಣಿತದ ಹಾಡು ಬಂತು. ಎದೆಗೆ ಯುದ್ಧದ ಪದಕ ಧರಿಸಿದ್ದ ಮುದುಕರೊಬ್ಬರು ಅಭ್ಯಾಸಬಲದಿಂದ ಎರಡು ಸಲ ಚಪ್ಪಾಳೆ ತಟ್ಟಿ ಆಮೇಲೆ ಅತ್ತುಬಿಟ್ಟರು. ಅಂದಿನ ಸಂಜೆಯೇ ಮಾರ್ನಿಕ್ಸ್ ಟಾಕ್ ಚಿಕ್ಕಮ್ಮನ ಅಡುಗೆಮನೆಗೆ ಬಂದು, ಕಾಫಿ ಕುಡಿದು, ಎರಡು ಬಿಸ್ಕತ್ತು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದೇ ಹೇಳಿದರು: “ಗೊಡೆಲೀವಕ್ಕ, ವಯಸ್ಸಾಯ್ತು ನಿಮ್ಗೆ. ಯಾವ್ದಕ್ಕೆ ಯಾವ ಹಾಡು ಅನ್ನೋದು ಕಲಸ್ಕೊಂಡು ಹೋಗ್ತಿದೆ. ತಪ್ಪೇನಲ್ಲ ಬಿಡಿ, ನಮ್ಮಮ್ಮನೂ ಹಂಗೇ ಶುರು ಆಗಿದ್ದು.” ಯಂತ್ರದಲ್ಲೇ ಏನೋ ಇದೆ ಎಂದು ಚಿಕ್ಕಮ್ಮ ಮೆಲ್ಲಗೆ ಅಂದಾಗ ಅವರು ನಕ್ಕು, “ಕುಣಿಯಕ್ಕೆ ಬರ್ದಿರೋಳು ನೆಲ ಡೊಂಕು ಅಂದ್ಲಂತೆ” ಎಂದು, ಗೋಪುರದ ಕೀಲಿಯನ್ನು ಮೊಳೆಯಿಂದ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟರು. ಬರುವ ನಗರಸಭೆಯಲ್ಲಿ ಚಿಕ್ಕಮ್ಮನನ್ನು ಹುದ್ದೆಯಿಂದ ಬಿಡಿಸುವ ನಿರ್ಣಯ ಬರಲಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಮಾತು ಕೇಳಿದ್ದೆ. ಎಮ್ಮೆಯ ಮನೆಯಲ್ಲೇ ಕೂತು, ಎಮ್ಮೆಯದೇ ಬಿಸ್ಕತ್ತು ತಿಂದು ಬರೆ ಹಾಕುವುದನ್ನು ಅಂದು ಕಂಡೆ.

ಚಿಕ್ಕಮ್ಮನಿಗೆ ಮಕ್ಕಳಿಲ್ಲ. ಗೋಪುರ ಇದೆ. ಈಗ ಗಂಟೆ ಹೊಡೆಯುವ ಹೊತ್ತಿಗೆ ಅವರು ಅಡುಗೆಮನೆಯ ಮೇಜಿನ ಮುಂದೆ ಕೂತು ಎರಡು ಮುಷ್ಟಿಯಿಂದ ಮೇಜನ್ನು ಗುದ್ದುತ್ತಾರೆ, ಸರಿಯಾದ ಹಾಡನ್ನು, ಒಂದು ಪೆಟ್ಟೂ ತಪ್ಪದೆ. ಬಟ್ಟಲುಗಳು ಜಿಗಿಯುತ್ತವೆ. “ನನ್ ತಲೆ ಸರಿ ಇದ್ಯಾ ನೋಡ್ಕೋತಿದೀನಿ ಕಣೇ” ಎಂದು ನನಗೆ ಹೇಳುತ್ತಾರೆ. ನನಗೆ ಇದನ್ನು ನೋಡಲಾಗುತ್ತಿಲ್ಲ, ಮಾನ್ಯರೇ. ವ್ಯಂಗ್ಯ ಬಿಟ್ಟು ಇದೊಂದು ಸಾಲನ್ನು ಹೇಳುತ್ತಿದ್ದೇನೆ. ಮತ್ತೆ ವ್ಯಂಗ್ಯಕ್ಕೆ ಹಿಂದಿರುಗಲು ಅನುಮತಿ ಕೊಡಬೇಕು, ಏಕೆಂದರೆ ಇನ್ನು ತಮ್ಮ ಸೌಜನ್ಯದ ವಿಷಯ ಬರುತ್ತದೆ.

ತಪ್ಪು ಎಲ್ಲಿದೆ ಎಂದು ಹುಡುಕಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಕೆಳಗಿನ ಮಹಡಿಯ ಹಾಡುಗಳು ಎಂದೂ ತಪ್ಪುವುದಿಲ್ಲ, ಮೇಲಿನವು ಎಂದೂ ಬರುವುದಿಲ್ಲ ಎನ್ನುವುದೇ ದಾರಿ ತೋರಿಸಿತು. ತಿದ್ದುವುದೂ ಕಷ್ಟವಲ್ಲ. ಆ ಸಾಲಿನಲ್ಲಿ ‘ಬೀದಿ’ ಎಂದಿರುವ ಕಡೆ ‘ಮಹಡಿ’ ಎಂದು ಬರೆಯಬೇಕು. ಒಂದು ಪದ. ನನ್ನ ಮನೆಯ ಯಂತ್ರದಲ್ಲಿ ಹಾಗೆ ಬರೆದು ನೋಡಿದೆ. ಶೋಕಗೀತೆ ಕೇಳಿದರೆ ಶೋಕಗೀತೆಯೇ ಬಂತು. ಆದರೆ ನಗರಸಭೆಯ ನಿಯಮದಂತೆ ಊರಿನ ಯಂತ್ರಗಳಲ್ಲಿ ರೈಗರಿನ ಅಧಿಕೃತ ಪ್ರತಿ ಮಾತ್ರ ಇರಬೇಕು, ಸೊಸೆಯರು, ಅಕ್ಕನ ಮಕ್ಕಳು ತಿದ್ದಿದ್ದು ಇರಬಾರದು. ಮಾರ್ನಿಕ್ಸ್ ಟಾಕ್ ಅವರ ಮಾತೂ ಅಷ್ಟೇ ಸ್ಪಷ್ಟ: “ತಪ್ಪು ಕರ್ನೆಲ್‌ದು ಅಂತ ಅದನ್ನ ಬರ್ದೋರು ಒಪ್ಲಿ, ಆ ಕ್ಷಣವೇ ಕೀಲಿ ವಾಪಸ್ ಕೊಡ್ತೀನಿ. ಮನೆಯೋರ ಮಾತು ಕೇಳಕ್ಕಾಗತ್ತಾ?” ಹೀಗೆ ನನ್ನ ಚಿಕ್ಕಮ್ಮನ ಮಾನ ತಮ್ಮ ಒಂದು ‘ಹೂಂ’ ಮೇಲೆ ನಿಂತಿತು. ನಾನು ಆ ಒಂದು ಪದದ ತಿದ್ದುಪಡಿಯನ್ನು, ನಮ್ಮ ಬಳಗದ ಮಾತಿನಲ್ಲಿ ತೇಪೆಯನ್ನು, ತಮಗೆ ಕಳಿಸಿದೆ.

ತಾವು ಉತ್ತರಿಸಿದಿರಿ, ಮತ್ತು ಎಷ್ಟು ಬೇಗ! ತಪ್ಪು ಯಾವ ಯಂತ್ರದಲ್ಲಿ ಕಂಡಿತೆಂದು ಕೇಳಿದಿರಿ, ನಾನು ತಿಳಿಸಿದೆ. ಆಗ ತಮ್ಮ ಪ್ರಶ್ನೆಗೆ ನಾನು ಕೊಟ್ಟ ಜವಾಬು ತಮ್ಮ ಮಾತುಗಳ ಮೇಲ್ಗಡೆ ಇದೆ, ಈ ಬಳಗದಲ್ಲಿ ಉತ್ತರವನ್ನು ಕೆಳಗೆ ಬರೆಯುವುದು ಪದ್ಧತಿ, ಮೇಲೆ ಬರೆದದ್ದನ್ನು ತಾವು ಓದುವುದಿಲ್ಲ ಎಂದು ತಿಳಿಸಿದಿರಿ. ಕೆಳಗೆ ಬರೆದು ಕಳಿಸಿದೆ. ವಿವರಣೆಯ ಒಂದು ಸಾಲು ಅಂಚನ್ನು ಎರಡು ಅಕ್ಷರದಷ್ಟು ದಾಟಿದೆ ಎಂದಿರಿ. ಮಡಚಿ ಕಳಿಸಿದೆ. ಆಮೇಲೆ ಬಳಗದಲ್ಲಿರುವ ಟಾಂಪೆರೆ ನಗರದ ಒಬ್ಬ ಸಜ್ಜನರು ‘ಮಹಡಿ’ ಎನ್ನುವುದಕ್ಕಿಂತ ‘ಅಂತಸ್ತು’ ಎನ್ನುವುದು ಹೆಚ್ಚು ಗೌರವದ ಹೆಸರಲ್ಲವೇ ಎಂದು ಕೇಳಿದರು, ಬ್ರನೋ ನಗರದ ಇನ್ನೊಬ್ಬರು ಅದನ್ನು ವಿರೋಧಿಸಿದರು, ಪುಟಪಟ್ಟಿಯ ಬಗ್ಗೆ ಹುಟ್ಟಿದಂದಿನಿಂದ ಒಂದು ಮಾತೂ ಆಡದಿದ್ದ ಜನರೆಲ್ಲ ಎದ್ದು ಬಂದು ಅಭಿಪ್ರಾಯ ಹೇಳಿದರು. ಆ ಚರ್ಚೆ ನಡೆಯುತ್ತಿದ್ದಷ್ಟು ಕಾಲ ನಮ್ಮೂರಿನಲ್ಲಿ ಸತ್ತವರೆಲ್ಲರೂ ಕುಡುಕರ ಹಾಡಿನೊಂದಿಗೆ ಮಣ್ಣಾದರು, ಅದೂ ಚಿಕ್ಕಮ್ಮ ಯಂತ್ರಕ್ಕೆ ಮೊದಲೇ ಹೇಳಿಟ್ಟದ್ದರ ತಪ್ಪೆಂದೇ ಲೆಕ್ಕವಾಯಿತು. ಕೊನೆಗೆ ‘ಮಹಡಿ’ಯೇ ಗೆದ್ದಿತು, ಅಂದರೆ ನಾನು ಮೊದಲ ದಿನ ಬರೆದದ್ದೇ.

ಆಮೇಲೆ ತಾವು, ಪುಟಪಟ್ಟಿಯಂಥ ನಾಜೂಕಿನ ಜಾಗದಲ್ಲಿ ಇಷ್ಟು ದೊಡ್ಡ ಬದಲಾವಣೆಯನ್ನು ಒಮ್ಮೆಲೇ ನುಂಗಲಾಗದು, ತೇಪೆಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು ಕಳಿಸಿ ಎಂದಿರಿ. ಒಂದು ಪದವನ್ನು ಒಡೆಯುವುದು ಹೇಗೆಂದು ನಾನು ಚಿಂತಿಸಿದೆ. ‘ಬೀದಿ’ಯನ್ನು ತೆಗೆಯುವುದಕ್ಕೆ ಒಂದು ತೇಪೆ, ತೆಗೆದ ಜಾಗ ಖಾಲಿ ಇದೆ ಎಂದು ಟಿಪ್ಪಣಿ ಹಾಕುವುದಕ್ಕೆ ಒಂದು, ‘ಮಹಡಿ’ಯನ್ನು ಕೂರಿಸುವುದಕ್ಕೆ ಒಂದು, ಹೀಗೆ ಮೂರು ಮಾಡಿ, ಮುನ್ನುಡಿಯೊಂದನ್ನೂ ಸೇರಿಸಿ ಕಳಿಸಿದೆ. ಮೊದಲನೆಯದನ್ನಷ್ಟೇ ಹಾಕಿದರೆ ಕರ್ನೆಲ್ ಚಾಲೂ ಆಗುವುದೇ ಇಲ್ಲ, ಪ್ರತಿ ತೇಪೆಯೂ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬ ಮೂಲಪಾಠವೂ ನಿಮಗೆ ತಿಳಿಯದೇ ಎಂದು ತಾವು ಗದರಿದಿರಿ. ನಾನು ಮೂರನ್ನೂ ಸೇರಿಸಿ ಒಂದು ಮಾಡಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವವರು ತಮ್ಮನ್ನು ನೋಡಿಲ್ಲ; ಇಲ್ಲಿ ದೇವರೂ ತಾವೇ, ಪೂಜಾರಿಯೂ ತಾವೇ, ಗುಡಿಯ ಬಾಗಿಲಿನ ಅಗಲ ಅಳೆಯುವವರೂ ತಾವೇ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ತಮ್ಮ ಕೊನೆಯ ಉತ್ತರ ಬಂತು. ಅದನ್ನು ನಾನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ: “ನನ್ ಲ್ಯಾಪ್‌ಟಾಪಲ್ಲಿ ಪರೀಕ್ಷೆ ಮಾಡ್ದೆ. ತೊಂದ್ರೆ ಮರುಕಳಿಸ್ತಿಲ್ಲ. ನಾನೇ ಕಣ್ಣಾರೆ ನೋಡೋವರ್ಗೂ ಒಪ್ಪಲ್ಲ.” ಚಿಕ್ಕಮ್ಮ ಕೇಳಿಸಿಕೊಂಡು, “ಪಾಪ, ಅವ್ನ ಮನೇಗೆ ಮಹಡಿ ಇಲ್ವಲ್ಲ, ಅವ್ನಾದ್ರೂ ಏನ್ ಮಾಡ್ತಾನೆ” ಎಂದರು. ಅವರದು ದೊಡ್ಡ ಮನಸ್ಸು. ನನ್ನದು ಅಷ್ಟು ದೊಡ್ಡದಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಸಾಲನ್ನು ಮುಟ್ಟುವ ಪಾಪಕ್ಕೆ ಇನ್ನು ಕೈಹಾಕದೆ, ಜಗತ್ತನ್ನೇ ಆ ಸಾಲಿಗೆ ಸರಿಹೊಂದುವಂತೆ ತಿದ್ದಿಕೊಳ್ಳಲು ತಮ್ಮ ನೆರವನ್ನು ಕೋರುತ್ತೇನೆ. ವೆಸ್ಸೆಲ್‌ಕೆರ್ಕೆಯ ನಾಗರಿಕರು ಇನ್ನುಮುಂದೆ ಕಾರ್ನಿವಲ್ ವಾರದಲ್ಲಿ ಮಾತ್ರ ಸಾಯತಕ್ಕದ್ದೆಂದು, ಬೇರೆ ವಾರ ಸಾಯುವವರು ಮುಂಚಿತವಾಗಿ ಬಣ್ಣದ ಟೋಪಿ ಧರಿಸಿರತಕ್ಕದ್ದೆಂದು ತಾವು ಒಂದು ಸುತ್ತೋಲೆ ಹೊರಡಿಸಬೇಕು. ಓಡಿಲಾನ್ ಅವರು ದಯವಿಟ್ಟು ಎದ್ದುಬಂದು ಇನ್ನೊಮ್ಮೆ, ಈ ಸಲ ಕೆಳಗಿನ ಮಹಡಿಗೆ ಒಪ್ಪುವ ರೀತಿಯಲ್ಲಿ ತೀರಿಕೊಳ್ಳುವಂತೆ ತಾವೇ ಒಂದು ಮಾತು ಹೇಳಬೇಕು. ನಮ್ಮ ಪಾದ್ರಿಗಳಿಗಿಂತ ತಮ್ಮ ಮಾತಿಗೆ ತೂಕ ಹೆಚ್ಚು. ಒಂದು ಎಂಬ ಸಂಖ್ಯೆ ಇನ್ನು ಸೊನ್ನೆಗೇ ಸಮವೆಂದು ಶಾಲೆಗಳಿಗೆ ತಿಳಿಸಬೇಕು. ಯುರೋಪಿನ ಎಲ್ಲ ಕಟ್ಟಡಗಳ ಮೇಲಿನ ಮಹಡಿಗಳನ್ನು ಕೆಡವಿಸಬೇಕು, ಮೊದಲು ನಮ್ಮ ಗೋಪುರ, ಏಕೆಂದರೆ ಅದು ಎತ್ತರವಾಗಿದ್ದೇ ಇಷ್ಟಕ್ಕೆಲ್ಲ ಕಾರಣ. ಇವೆಲ್ಲ ಕಷ್ಟವೆನಿಸಿದರೆ, ಒಂದು ಪದದ ತೇಪೆಯೊಂದು ತಮ್ಮ ಅಂಚೆಪೆಟ್ಟಿಗೆಯಲ್ಲಿ ಇದೆ. ಅದರ ಬಗ್ಗೆ ನಾನು ಮತ್ತೆ ಹೇಳುವುದಿಲ್ಲ.

ಕೊನೆಯದಾಗಿ ಒಂದು ಸಂತೋಷದ ಸಂಗತಿ. ನಮ್ಮಂಥ ಸಣ್ಣ ಊರೂ ರೈಗರನ್ನು ನಂಬಿದೆ ಎಂದು ಲೋಕಕ್ಕೆ ಸಾರಲು ಮಾರ್ನಿಕ್ಸ್ ಟಾಕ್ ಅವರು ತಮ್ಮನ್ನು ಬರುವ ಶನಿವಾರ ಇಲ್ಲಿಗೆ ಕರೆಸಿ, ಪುರಭವನದ ಮೆಟ್ಟಿಲ ಮೇಲೆ ಊರಿನ ಬೆಳ್ಳಿ ಸುತ್ತಿಗೆಯನ್ನು ಕೊಟ್ಟು ಸನ್ಮಾನಿಸಲಿದ್ದಾರೆ, ತಾವೂ ಒಪ್ಪಿದ್ದೀರಿ ಎಂದು ಪತ್ರಿಕೆಯಲ್ಲಿ ಓದಿದೆ. ಈ ಪುಟದ ಪಕ್ಕದ ಪುಟದಲ್ಲೇ ತಮ್ಮ ಭಾವಚಿತ್ರವಿದೆ, ಬೆಕ್ಕುಗಳ ಸಮೇತ. ನಗರಸಭೆ ಸೇರುವುದು, ಚಿಕ್ಕಮ್ಮನ ನಿರ್ಣಯ ಬರುವುದು ಅಂದು ಸಂಜೆ. ಅದಕ್ಕೆ ಮುನ್ನ ತಮ್ಮಿಂದ ಒಂದು ‘ಹೂಂ’ ಬಂದರೆ ಚಿಕ್ಕಮ್ಮ ತಮಗಾಗಿ ಆಲೂಗಡ್ಡೆ ಕರಿದು ಕೊಡುತ್ತಾರಂತೆ. ದನದ ಕೊಬ್ಬಿನಲ್ಲಿ ಎರಡು ಸಲ ಕರಿದದ್ದು. ನಾನು ಅವರಿಗೆ ಬೇಡವೆಂದೆ. ಅವರು ಕೇಳಲಿಲ್ಲ.

ತಮ್ಮ ಪದ್ಧತಿಗಳಿಗೆ ಸದಾ ತಲೆಬಾಗಿ, ಸಾಲುಗಳನ್ನು ಅಂಚಿನೊಳಗೇ ಮಡಚಿ,

ತಮ್ಮ ವಿಶ್ವಾಸಿ,
ಸೆವೆರೀನ್ ಪಾವೆಲ್ಸ್
ವೆಸ್ಸೆಲ್‌ಕೆರ್ಕೆ

ತಾ.ಕ.: ಶನಿವಾರ ತಾವು ಸುತ್ತಿಗೆಯನ್ನು ಕೈಗೆ ತೆಗೆದುಕೊಂಡ ಕ್ಷಣವೇ ಗೋಪುರದ ಯಂತ್ರ ಡೆನ್ಮಾರ್ಕಿನ ರಾಷ್ಟ್ರಗೀತೆಯನ್ನು ನುಡಿಸಲಿದೆ. ಅದು ಇರುವುದು ಮೇಲಿನ ಮಹಡಿಯಲ್ಲಿ. ಕೆಳಗಿನ ಮಹಡಿಯಲ್ಲಿ ಅದೇ ಬಾಗಿಲಿನೊಳಗೆ ಇರುವ ಹಾಡು ‘ಹೆಬ್ಬಾತಿನ ಹಿಂದೆ ಹೋದ ಪೆದ್ದ’. ನಮ್ಮೂರಿನ ಪ್ರತಿಯೊಬ್ಬರಿಗೂ ಅದು ಬಾಯಿಪಾಠ, ಪಲ್ಲವಿಗೆ ಎಲ್ಲರೂ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಾರೆ. ಪರದೇಶದಿಂದ ಬಂದ ಅತಿಥಿಗೆ ಹೀಗಾಗಬಾರದು, ತಾನೇ ಹತ್ತಿಹೋಗಿ ಕೈಯಾರೆ ಸರಿಯಾದ ಗೀತೆ ನುಡಿಸಿ ತಮ್ಮ ಮಾನ ಉಳಿಸುತ್ತೇನೆಂದು ಚಿಕ್ಕಮ್ಮ ಚರ್ಮದ ತೊಡಿಗೆಗೆ ಎಣ್ಣೆ ಹಚ್ಚಿ ಕಾಯುತ್ತಿದ್ದಾರೆ. ಆದರೆ ಕೀಲಿ ಮಾರ್ನಿಕ್ಸ್ ಟಾಕ್ ಅವರ ಜೇಬಿನಲ್ಲಿದೆ, ಮತ್ತು ಅದನ್ನು ಹೊರಗೆ ತೆಗೆಸಬಲ್ಲವರು ತಾವೊಬ್ಬರೇ. ಇಲ್ಲವಾದರೆ ತಾವು ಕಣ್ಣಾರೆ ನೋಡಬೇಕೆಂದಿದ್ದ ಮರುಕಳಿಕೆಯನ್ನು ಊರಿನ ಸಮಕ್ಷಮದಲ್ಲಿ ಕಿವಿಯಾರೆ ಕೇಳಿಕೊಂಡು ಹೋಗಬಹುದು. ಆಮೇಲೆ ಈ ಪತ್ರಕ್ಕೆ ಉತ್ತರಿಸುವ ಮನಸ್ಸಾದರೆ ದಯವಿಟ್ಟು ಕೆಳಗೆ ಬರೆಯಿರಿ. ಮೇಲೆ ಏನಿದ್ದರೂ ತಮ್ಮ ಪುಟಪಟ್ಟಿಗೆ ಕಾಣುವುದಿಲ್ಲ.